ಅಜ್ಜಿಯಾದ ಮೇಲೆ ಬಾಯಿ ಬಂದವಳು

ಪ್ರಿಯ ಗೆಳೆಯಾ,

ನೀನು ಮೊನ್ನೆ ಫೋನಿನಲ್ಲಿ ಕೇಳಿದ್ದಕ್ಕೆ ಆಗಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನ್ನೊಡನೆ ವಾದಕ್ಕಿಳಿದು ಹೇಳಬೇಕಾದ್ದನ್ನು ಪೂರ್ತಿ ಹೇಳಿ ಮುಗಿಸಿದವರು ಯಾರಿದ್ದಾರೆ ಮಾರಾಯ? ಕಾಗದವಾದರೆ ನಡುವೆ ಬಾಯಿ ಹಾಕಲು ನಿನ್ನಿಂದಾಗದು. ನಾಲ್ಕು ಜನ ಓದಲಿ ಅಂತ ಇದನ್ನು ಹೊರಗೂ ಹಾಕುತ್ತಿದ್ದೇನೆ. ನಿನ್ನ ಹೆಸರು ಎಲ್ಲೂ ಬರೆದಿಲ್ಲ, ಗಾಬರಿ ಬೇಡ.

ನಿನ್ನ ತಕರಾರು ಎರಡು. ಒಂದು, ‘ಹೌಲ್ಸ್ ಮೂವಿಂಗ್ ಕಾಸಲ್’ ಸಿನಿಮಾ ನೋಡಿಯಾದ ಮೇಲೆ ಕಾದಂಬರಿ ಓದುವ ದರ್ದು ಏನು? ಎರಡು, ಮಾಟಮಂತ್ರ ಬೆರೆಸಿದ ಪ್ರೇಮಕಥೆಗಳೆಲ್ಲ ಒಂದೇ ಅಚ್ಚಿನವು: ಸದಾ ಮುಖ ಗಂಟು ಹಾಕಿಕೊಂಡ ಒಬ್ಬ ಚೆಲುವ, ಅವನ ಎದೆಯಲ್ಲೊಂದು ಹಳೇ ಗಾಯ, ಅದನ್ನು ಮಾಯಿಸಲೆಂದೇ ಹುಟ್ಟಿದ ಒಬ್ಬ ಹುಡುಗಿ. ಎರಡನೆಯದಕ್ಕೆ ನನ್ನ ಅರ್ಧ ಒಪ್ಪಿಗೆ ಇದೆ. ಈಚೆಗೆ ಪುಸ್ತಕದಂಗಡಿಯ ಮುಂದಿನ ಮೇಜಿನ ಮೇಲೇ ಪೇರಿಸಿಡುವ, ಹಾಳೆಯ ಅಂಚಿಗೆಲ್ಲ ಬಣ್ಣ ಬಳಿದ ದಪ್ಪ ಪುಸ್ತಕಗಳಲ್ಲಿ ಕೆಲವನ್ನು ನಾನೂ ಓದಿದೆ. ಡ್ರ್ಯಾಗನ್ ಇರುತ್ತದೆ, ಕತ್ತಿ ಇರುತ್ತದೆ, ನಾಯಕ ನಾನೂರೋ ಐನೂರೋ ವರ್ಷ ಬದುಕಿರುತ್ತಾನೆ, ಆದರೂ ಹದಿನೆಂಟರ ಹುಡುಗನ ಹಾಗೆ ಮುನಿಸಿಕೊಳ್ಳುತ್ತಾನೆ. ಅವುಗಳ ಮೇಲೆ ನನಗೆ ದ್ವೇಷವೇನಿಲ್ಲ, ಬಸ್ಸಿನಲ್ಲಿ ಹೊತ್ತು ಹೋಗುತ್ತದೆ. ಆದರೆ ಈ ಪುಸ್ತಕವನ್ನು ಆ ರಾಶಿಗೆ ಸೇರಿಸಬೇಡ. ಡಯಾನಾ ವಿನ್ ಜೋನ್ಸ್ ಇದನ್ನು 1986ರಲ್ಲೇ ಪ್ರಕಟಿಸಿದ್ದು. ಆ ಅಚ್ಚನ್ನೇ ಮುಂದಿಟ್ಟುಕೊಂಡು ನಕ್ಕಂಥ ಪುಸ್ತಕ ಇದು.

ಸಿನಿಮಾದ ಮಾತು ಬೇಗ ಮುಗಿಸುತ್ತೇನೆ. ಜಪಾನಿನ ಆನಿಮೇಷನ್ ನಿರ್ದೇಶಕ ಮಿಯಾಜಾಕಿಯ 2004ರ ಚಿತ್ರ ನನಗೂ ಇಷ್ಟ. ಆದರೆ ಅದು ಅವರದೇ ಕಥೆ. ಇರಾಕ್ ಯುದ್ಧದ ಸಿಟ್ಟು ಅವರ ಮನಸ್ಸಿನಲ್ಲಿತ್ತು, ಆಕಾಶದ ತುಂಬ ಬಾಂಬು ತಂದರು. ಕಾದಂಬರಿಯಲ್ಲಿ ಯುದ್ಧ ಎಲ್ಲೋ ದೂರದ ಸುದ್ದಿ, ಅಷ್ಟೆ. ಕಥೆಯ ನಾಯಕ ಹೌಲ್ ಒಬ್ಬ ಮಾಂತ್ರಿಕ. ಸಿನಿಮಾದ ಹೌಲ್ ದುಃಖದ ರಾಜಕುಮಾರ, ರಾತ್ರಿಯೆಲ್ಲ ಹಕ್ಕಿಯಾಗಿ ಹಾರಿ ಸುಸ್ತಾಗಿ ಬರುವವನು. ಪುಸ್ತಕದ ಹೌಲ್ ಬ್ರಿಟನ್ನಿನ ವೇಲ್ಸ್‌ನವನು, ನಿಜ ಹೆಸರು ಹೊವೆಲ್ ಜೆಂಕಿನ್ಸ್, ಮಂತ್ರತಂತ್ರಗಳ ಮೇಲೆ ಪಿಎಚ್‌ಡಿ ಪ್ರಬಂಧ ಬರೆದವನು. ಬೆಳಿಗ್ಗೆ ಎರಡು ತಾಸು ಬಚ್ಚಲುಮನೆಯಿಂದ ಹೊರಗೆ ಬರುವುದಿಲ್ಲ. ಸಿನಿಮಾದಲ್ಲಿ ವೇಲ್ಸ್ ಪೂರ್ತಿ ಮಾಯ. ನೀನು ಪ್ರೀತಿಸಿದ್ದು ಬೇರೆಯವನನ್ನು, ಇವನ ಪರಿಚಯ ನಿನಗಿನ್ನೂ ಆಗಿಲ್ಲ.

ಈಗ ಕಥೆಯ ನಾಯಕಿ ಸೋಫಿಯ ವಿಷಯಕ್ಕೆ ಬರುತ್ತೇನೆ, ನನ್ನ ಮಾತೆಲ್ಲ ಇರುವುದು ಅವಳ ಮೇಲೇ.

ಇಂಗರಿ ಅಂತ ಒಂದು ದೇಶ. ಒಂದು ಹೆಜ್ಜೆಗೆ ಏಳು ಹರದಾರಿ ಸಾಗುವ ಬೂಟು, ಹಾಕಿಕೊಂಡರೆ ಕಾಣದಂತಾಗುವ ನಿಲುವಂಗಿ ಎಲ್ಲ ಅಲ್ಲಿ ನಿಜಕ್ಕೂ ಇವೆ. ಕಥೆಗಳಲ್ಲಿ ನಡೆಯುವುದೆಲ್ಲ ನಡೆಯುವ ಊರಾದ್ದರಿಂದ ಅಲ್ಲಿ ಮೂವರು ಮಕ್ಕಳಲ್ಲಿ ಹಿರಿಯರಾಗಿ ಹುಟ್ಟುವುದು ದುರದೃಷ್ಟ. ಅದೃಷ್ಟ ಹುಡುಕಿಕೊಂಡು ಮೂವರೂ ಹೊರಟರೆ ಮೊದಲು ಸೋತು ಕೂರುವುದು ಹಿರಿಯದೇ ಅಂತ ಎಲ್ಲರಿಗೂ ಗೊತ್ತು. ನಮ್ಮ ಅಜ್ಜಿಕಥೆಗಳಲ್ಲೂ ಹಾಗೇ ಅಲ್ಲವಾ? ಇಬ್ಬರು ಅಣ್ಣಂದಿರು ಕಲ್ಲಾಗಿ ನಿಲ್ಲುತ್ತಾರೆ, ಕಿರಿಯವನು ರಾಜಕುಮಾರಿಯನ್ನು ಕರಕೊಂಡು ಬರುತ್ತಾನೆ. ಸೋಫಿ ಹಿರಿಯವಳು. ಮಾರ್ಕೆಟ್ ಚಿಪ್ಪಿಂಗ್ ಎಂಬ ಊರಿನಲ್ಲಿ ಅವಳ ಅಪ್ಪನ ಟೋಪಿ ಅಂಗಡಿ. ಅಪ್ಪ ಸಾಲ ಬಿಟ್ಟು ಸಾಯುತ್ತಾನೆ. ಸಾಲ ಆದದ್ದು ಯಾತಕ್ಕೆ ಅಂದರೆ ಮೂರೂ ಹೆಣ್ಣುಮಕ್ಕಳ ಇಸ್ಕೂಲ್ ಫೀಸಿಗೆ! ಮಲತಾಯಿ ಫ್ಯಾನಿ ಕೆಟ್ಟವಳಲ್ಲ, ಹುಡುಗಿಯರಿಗೆ ಒಂದೊಂದು ದಾರಿ ಮಾಡುತ್ತಾಳೆ. ನಡುವಿನವಳನ್ನು ಬೇಕರಿಗೆ, ಕಿರಿಯವಳನ್ನು ಮಾಟ ಕಲಿಯಲು ಕಳಿಸುತ್ತಾಳೆ. ಸೋಫಿಗೆ ಅಂಗಡಿ. ಕಿರಿಯರಿಬ್ಬರೂ ಒಪ್ಪಲಿಲ್ಲ, ಒಂದು ಮಂತ್ರ ಹಾಕಿ ಸದ್ದಿಲ್ಲದೆ ಜಾಗ ಅದಲುಬದಲು ಮಾಡಿಕೊಂಡರು. ಸೋಫಿಗೆ ಮಾತ್ರ ಹಾಗೆ ಮಾಡಬಹುದು ಅಂತ ಹೊಳೆಯಲೇ ಇಲ್ಲ. ‘ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ’ ಅಂತ ನಮ್ಮನ್ನು ಹೆದರಿಸಿ ಬೆಳೆಸಿದರಲ್ಲ, ಅದಕ್ಕೇ ಹಿರಿಯಕ್ಕಂದಿರು ಚಾಳಿಯನ್ನೇ ಇಟ್ಟುಕೊಳ್ಳುವುದಿಲ್ಲ. ನಾನೂ ಒಬ್ಬ ಹಿರಿಯಕ್ಕ, ನಿನಗೆ ಗೊತ್ತಿದ್ದದ್ದೇ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಇಡೀ ದಿನ ಒಬ್ಬಳೇ ಕೂತು ಸೋಫಿ ಟೋಪಿಗಳಿಗೆ ರಿಬ್ಬನ್ನು, ಹೂವು, ಗರಿ ಹೊಲಿಯುತ್ತಾಳೆ. ಮಾತಿಗೆ ಯಾರೂ ಇಲ್ಲ. ಟೋಪಿಗಳ ಹತ್ತಿರವೇ ಮಾತಾಡುತ್ತಾಳೆ. ಒಂದಕ್ಕೆ, ನಿನ್ನದು ಬಂಗಾರದಂಥ ಮನಸ್ಸು, ದೊಡ್ಡ ಸ್ಥಾನದಲ್ಲಿರುವವರೊಬ್ಬರು ಅದನ್ನು ಕಂಡು ಮೆಚ್ಚುತ್ತಾರೆ ಅನ್ನುತ್ತಾಳೆ. ಇನ್ನೊಂದು ಸಪ್ಪೆ ಟೋಪಿಗೆ, ಪಾಪ, ನೀನು ದುಡ್ಡಿರುವವರನ್ನೇ ಮದುವೆಯಾಗಬೇಕಾದೀತು ಅನ್ನುತ್ತಾಳೆ. ಆ ಟೋಪಿಗಳನ್ನು ಕೊಂಡವರಿಗೆ ಹಾಗೆಹಾಗೇ ಆಗುತ್ತ ಹೋಗುತ್ತದೆ. ಊರಿನ ಒಬ್ಬ ಹುಡುಗಿ ಒಬ್ಬ ಕೌಂಟ್ ಜೊತೆ ಓಡಿಹೋಗುತ್ತಾಳೆ. ಅಂಗಡಿಯಲ್ಲಿ ನೂಕುನುಗ್ಗಲು. ಇದು ತನ್ನ ಬಾಯಿಯ ಶಕ್ತಿ ಅಂತ ಸೋಫಿಗೆ ಅನುಮಾನವೂ ಬರುವುದಿಲ್ಲ. ಓದುವ ನಮಗೂ ಮೊದಲ ಸಲ ಗೊತ್ತಾಗುವುದಿಲ್ಲ, ಏನೋ ತಮಾಷೆ ಅಂತ ಮುಂದೆ ಹೋಗಿಬಿಡುತ್ತೇವೆ.

ನನಗೆ ಇಲ್ಲಿ ಕಂಡದ್ದನ್ನು ಹೇಳುತ್ತೇನೆ. ಎಲ್ಲ ಟೋಪಿಗಳಿಗೂ ಒಳ್ಳೆಯದನ್ನು ನುಡಿಯುವ ಅದೇ ಬಾಯಿ ತನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಆಡುವುದಿಲ್ಲ. ನಾನು ಹಿರಿಯವಳು, ನನಗೇನೂ ಆಗುವುದಿಲ್ಲ, ನಾನು ಯಾರ ಕಣ್ಣಿಗೂ ಬೀಳುವವಳಲ್ಲ, ಇದೇ ಅವಳ ಜಪ. ನುಡಿದದ್ದು ನಡೆಯುವ ಬಾಯಿ ಅದು! ಅವಳ ವಿಷಯದಲ್ಲೂ ನಡೆಯುತ್ತಿದೆ. ಮೇ ಹಬ್ಬದ ದಿನ ತಂಗಿಯನ್ನು ನೋಡಲು ಹೊರಟವಳು ಬೀದಿಯ ಗದ್ದಲಕ್ಕೆ ಹೆದರಿ ಒಂದು ಬಾಗಿಲಿನ ಮರೆಗೆ ಸೇರುತ್ತಾಳೆ. ಥಳುಕಿನ ಉಡುಪಿನ ಒಬ್ಬ ಯುವಕ ಹತ್ತಿರ ಬಂದು, ಇಲಿಮರೀ, ಹೆದರಬೇಡ ಅನ್ನುವ ಧಾಟಿಯಲ್ಲಿ ಮಾತಾಡಿಸುತ್ತಾನೆ. ಹೌಲ್ ಅವನೇ. ಅವಳು ತಪ್ಪಿಸಿಕೊಂಡು ಓಡುತ್ತಾಳೆ. ಇದು ನಾಯಕ ನಾಯಕಿಯರ ಮೊದಲ ಭೇಟಿ. ಕಣ್ಣು ಕಣ್ಣು ಕೂಡುವುದೆಲ್ಲ ಏನೂ ಇಲ್ಲ.

ಆಮೇಲೆ ಬೆಂಗಾಡಿನ ಮಾಟಗಾತಿ ಟೋಪಿ ಕೊಳ್ಳುವ ನೆಪದಲ್ಲಿ ಅಂಗಡಿಗೆ ಬಂದು ಶಾಪ ಹಾಕುತ್ತಾಳೆ. ಸೋಫಿ ಒಂದೇ ಗಳಿಗೆಯಲ್ಲಿ ಹಣ್ಣು ಹಣ್ಣು ಮುದುಕಿ. ಶಾಪದ ವಿಷಯ ಯಾರಿಗೂ ಹೇಳಲಿಕ್ಕೆ ನಾಲಗೆ ಬರದು ಅನ್ನುವುದು ಅದರದೇ ಇನ್ನೊಂದು ಕಟ್ಟು. ಬೇರೆ ಕಥೆಯಲ್ಲಾದರೆ ಹುಡುಗಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಸೋಫಿ ಕನ್ನಡಿಯ ಮುಂದೆ ಹೋಗಿ ನಿಲ್ಲುತ್ತಾಳೆ, ಸುಕ್ಕುಗಟ್ಟಿದ ಮುಖ ನೋಡುತ್ತಾಳೆ, ಆರೋಗ್ಯ ಚೆನ್ನಾಗೇ ಇದೆಯಲ್ಲ, ನಾನು ನಿಜಕ್ಕೂ ಇರುವುದೇ ಹೀಗೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ. ಈ ಸಾಲನ್ನು ಎರಡನೇ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತು. ಟೋಪಿಗೆ ನುಡಿದ ಹಾಗೇ ಕನ್ನಡಿಗೂ ನುಡಿದಳಲ್ಲ. ಮಾಟಗಾತಿ ಹಾಕಿದ ಗಂಟಿನ ಮೇಲೆ ತನ್ನ ಕೈಯಾರೆ ಇನ್ನೊಂದು ಗಂಟು.

ಆದರೆ ಶಾಪದ ತಮಾಷೆ ಶುರುವಾಗುವುದೇ ಇಲ್ಲಿಂದ. ಮುದುಕಿಯಾದದ್ದೇ ತಡ, ಸೋಫಿಗೆ ಬಾಯಿ ಬರುತ್ತದೆ. ಒಂದು ತುಂಡು ರೊಟ್ಟಿ, ಗಿಣ್ಣು ಕಟ್ಟಿಕೊಂಡು ಮನೆ ಬಿಡುತ್ತಾಳೆ. ಬೇಲಿಯಲ್ಲಿ ಸಿಕ್ಕಿಕೊಂಡ ಬೆರ್ಚಪ್ಪನನ್ನು ಎತ್ತಿ ನಿಲ್ಲಿಸಿ ಅದಕ್ಕೂ ಬುದ್ಧಿ ಹೇಳುತ್ತಾಳೆ. ಬೆಟ್ಟದ ಮೇಲೆ ಹೊಗೆ ಕಾರುತ್ತ ಓಡಾಡುವ ಹೌಲ್‌ನ ಕೋಟೆಯನ್ನು, ಊರಿಗೆ ಊರೇ ಹೆದರುವ ಕೋಟೆಯನ್ನು, ನಿಲ್ಲು ಅಂತ ಗದರಿಸಿ ನಿಲ್ಲಿಸಿ ಒಳಗೆ ನುಗ್ಗುತ್ತಾಳೆ, ಒಲೆ ಮುಂದಿನ ಕುರ್ಚಿಯಲ್ಲಿ ಆರಾಮಾಗಿ ಕೂತುಬಿಡುತ್ತಾಳೆ. ಹುಡುಗಿಯಾಗಿದ್ದರೆ ನಾಚಿಕೆಯಿಂದ ಸಾಯುತ್ತಿದ್ದೆ, ಈಗ ಏನೂ ಅನ್ನಿಸುತ್ತಿಲ್ಲವಲ್ಲ ಅಂತ ಅವಳಿಗೇ ಆಶ್ಚರ್ಯ. ಹುಡುಗಿಯರ ಹೃದಯ ತಿನ್ನುವವನು ಅಂತ ಹೌಲ್‌ಗೆ ಹೆಸರು. ನನ್ನಂಥ ಮುದುಕಿಯ ಹೃದಯ ಯಾರಿಗೆ ಬೇಕು ಅನ್ನುವ ಧೈರ್ಯ ಇವಳದು.

ನಮ್ಮ ದೊಡ್ಡಮ್ಮನನ್ನು ನೀನು ನೋಡಿದ್ದೀಯ. ತೀರ್ಥಹಳ್ಳಿ ಕಡೆಯ ತುಂಬಿದ ಮನೆಗೆ ಸೊಸೆಯಾಗಿ ಹೋದವರು. ಮಾವ ಬದುಕಿರುವ ತನಕ ಅವರ ದನಿ ಅಡುಗೆಮನೆಯ ಹೊಸಿಲು ದಾಟಿದ್ದನ್ನು ಯಾರೂ ಕೇಳಿಲ್ಲವಂತೆ. ನಾವು ಕಂಡ ದೊಡ್ಡಮ್ಮ ಹಾಗಿದ್ದರಾ? ಜಗಲಿಯಲ್ಲಿ ಕಾಲು ನೀಡಿ ಕೂತು ಅಡಿಕೆ ವ್ಯಾಪಾರಕ್ಕೆ ಬಂದವನ ತೂಕದ ಲೆಕ್ಕವನ್ನು ಎರಡು ಸಲ ಹೇಳಿಸುತ್ತಿದ್ದರು. ನಿನಗೂ ಒಮ್ಮೆ, ತಲೆಕೂದಲು ಕತ್ತರಿಸು, ಆಮೇಲೆ ಊಟಕ್ಕೆ ಕೂರು ಅಂದಿದ್ದು ನೆನಪಿದೆಯಾ? ನಮ್ಮ ಕಡೆ ಹೆಂಗಸಿಗೆ ಬಾಯಿ ಬರುವುದು ತಲೆ ಬೆಳ್ಳಗಾದ ಮೇಲೇ. ಐವತ್ತು ವರ್ಷ ಕಾಯಬೇಕಾದ್ದನ್ನು ಸೋಫಿಗೆ ಶಾಪ ಒಂದೇ ಸಂಜೆಯಲ್ಲಿ ತಂದುಕೊಟ್ಟಿತು. ಇಂಗ್ಲೆಂಡಿನ ಲೇಖಕಿಗೆ ನಮ್ಮ ಜಗಲಿಯ ವಿಷಯ ಹೇಗೆ ಗೊತ್ತಾಯಿತು ಅಂತ ನಾನು ಓದುತ್ತ ಓದುತ್ತ ಅಂದುಕೊಂಡೆ.

ಕೋಟೆಯೊಳಗೆ ಇರುವುದು ಮೂರು ಜೀವ. ಹೌಲ್, ಅವನ ಹತ್ತಿರ ಕಲಿಯುವ ಹುಡುಗ ಮೈಕೆಲ್, ಒಲೆಯಲ್ಲಿ ಉರಿಯುವ ಬೆಂಕಿಭೂತ ಕ್ಯಾಲ್ಸಿಫರ್. ಹೌಲ್‌ಗೂ ನನಗೂ ಇರುವ ಒಪ್ಪಂದ ಮುರಿದುಕೊಡು, ನಿನ್ನ ಶಾಪ ನಾನು ಬಿಡಿಸುತ್ತೇನೆ ಅಂತ ಕ್ಯಾಲ್ಸಿಫರ್ ಸೋಫಿಯ ಜೊತೆ ಗುಟ್ಟಾಗಿ ಕರಾರು ಮಾಡಿಕೊಳ್ಳುತ್ತದೆ. ಒಪ್ಪಂದ ಏನು ಅಂತ ಹೇಳಲು ಮಾತ್ರ ಅದಕ್ಕೂ ಆಗದು. ಇಬ್ಬರದೂ ಬಾಯಿಗೆ ಬೀಗ. ಇವಳು ಅಲ್ಲಿ ಕೆಲಸದವಳಾಗಿ ತಾನೇ ತನ್ನನ್ನು ನೇಮಿಸಿಕೊಂಡು ಪೊರಕೆ ಹಿಡಿಯುತ್ತಾಳೆ. ಐದನೇ ಅಧ್ಯಾಯದ ಹೆಸರಿನಲ್ಲೇ ತೊಳೆಯುವ ಕೆಲಸ ಅತಿಯಾಯಿತು ಅಂತ ಲೇಖಕಿ ಮೊದಲೇ ಎಚ್ಚರಿಕೆ ಕೊಟ್ಟಿದ್ದಾರೆ. ಹೌಲ್ ಬೇಡುವುದು ಒಂದೇ, ಜೇಡಗಳನ್ನು ಕೊಲ್ಲಬೇಡ. ಆ ಸಣ್ಣ ಮಾತಿನಲ್ಲಿ ನನಗೆ ಅವನ ಮೇಲೆ ಮೊದಲ ಸಲ ಅಕ್ಕರೆ ಬಂತು. ಉಳಿದ ಹೊತ್ತೆಲ್ಲ ಅವನು ಅಕ್ಕರೆಗೆ ಲಾಯಕ್ಕಾದವನೇ ಅಲ್ಲ ಬಿಡು. ಕಂಡ ಹುಡುಗಿಯ ಹಿಂದೆಲ್ಲ ಬೀಳುತ್ತಾನೆ, ಅವಳು ಒಲಿದ ಕ್ಷಣ ಜಾರಿಕೊಳ್ಳುತ್ತಾನೆ. ಹೃದಯ ತಿನ್ನುತ್ತಾನೆ ಅನ್ನುವ ಸುದ್ದಿಯ ಹಿಂದಿನ ನಿಜ ಇಷ್ಟೇ. ಅಪಾಯದ ಕೆಲಸವನ್ನು ಮಾಡುವುದಿಲ್ಲ, ಮಾಡುವುದಿಲ್ಲ ಅಂತ ತನಗೇ ಸುಳ್ಳು ಹೇಳಿಕೊಂಡು ಮಾಡುವ ಹೇಡಿ.

ಆರನೇ ಅಧ್ಯಾಯ ಓದುವಾಗ ಪಕ್ಕದಲ್ಲಿ ಯಾರನ್ನೂ ಮಲಗಿಸಿಕೊಳ್ಳಬೇಡ, ನಗು ತಡೆಯಲಾಗದು. ಸೋಫಿ ಬಚ್ಚಲುಮನೆ ತೊಳೆಯುವಾಗ ಹೌಲ್‌ನ ಪೊಟ್ಟಣ, ಡಬ್ಬಿಗಳ ಜಾಗ ಬದಲಾಗಿದೆ. ಅವನು ತಲೆಗೆ ಬಣ್ಣ ಹಚ್ಚಿಕೊಂಡು ಬಂದರೆ ಹೊಂಬಣ್ಣದ ಕೂದಲಲ್ಲಿ ಗುಲಾಬಿ ಛಾಯೆ, ಅದೂ ಕಂಡೂ ಕಾಣದಷ್ಟು. ಅಷ್ಟಕ್ಕೇ ಅವನು ಪ್ರಳಯವಾದವನಂತೆ ಅರಚಿ, ಕುರ್ಚಿಯಲ್ಲಿ ಕುಸಿದು, ಮೈಯಿಂದ ಹಸಿರು ಲೋಳೆ ಸುರಿಸಲು ಶುರುಮಾಡುತ್ತಾನೆ. ಲೋಳೆ ಒಲೆಯ ತನಕ ಹರಿದು ಕ್ಯಾಲ್ಸಿಫರ್ ಆರಿಹೋಗುವ ಹಾಗಾಗುತ್ತದೆ. ಊರವರೆಲ್ಲ ದೆವ್ವ ಬಂತೆಂದು ಹೆದರಿ ನಡುಗುತ್ತಿದ್ದರೆ ಸೋಫಿ ಅವನನ್ನು ಬಚ್ಚಲಿಗೆ ಎಳೆದು ನಿಲ್ಲಿಸಿ ನೀರು ಹುಯ್ಯುತ್ತಾಳೆ. ಸಿನಿಮಾದಲ್ಲೂ ಈ ದೃಶ್ಯ ಇದೆ, ಅಲ್ಲಿ ಅದಕ್ಕೊಂದು ದುಃಖದ ಬೆಳಕು. ಪುಸ್ತಕದಲ್ಲಿ ಶುದ್ಧ ಹಟಮಾರಿತನ. ಹದಿನಾಲ್ಕನೇ ಅಧ್ಯಾಯದಲ್ಲಿ ಅವನಿಗೆ ನೆಗಡಿಯಾಗುತ್ತದೆ. ನೆಗಡಿಯಾದ ಗಂಡಸನ್ನು ಇಷ್ಟು ಕರಾರುವಾಕ್ಕಾಗಿ ಬರೆದವರನ್ನು ನಾನು ಬೇರೆಲ್ಲೂ ಓದಿಲ್ಲ. ಮೇಲಿನ ಕೋಣೆಯಿಂದ ಕೆಮ್ಮಿ, ಗೋಡೆ ಗುದ್ದಿ, ಯಾರೂ ಕೇಳುವವರಿಲ್ಲ, ಬೇಜಾರಿನಿಂದಲೇ ಸಾಯುತ್ತಿದ್ದೇನೆ ಅಂತ ಕೂಗುತ್ತಾನೆ. ನಮ್ಮೆಜಮಾನರಿಗೆ ಆ ಪುಟ ಓದಿ ಹೇಳಿದೆ. ಅವರು ನಗಲಿಲ್ಲ.

ಪ್ರೀತಿ ಎಲ್ಲಿದೆ ಅಂತ ಕೇಳುತ್ತೀಯ, ಗೊತ್ತು. ಈ ಜಗಳಗಳಲ್ಲೇ ಇದೆ. ಹಸಿರು ಲೋಳೆಯಲ್ಲಿ ಹೌಲ್ ಭಾವನೆ ತೋಡಿಕೊಂಡ ಅನ್ನುವುದು ಆರನೇ ಅಧ್ಯಾಯದ ಹೆಸರಾದರೆ, ಹತ್ತೊಂಬತ್ತನೆಯದರಲ್ಲಿ ಸೋಫಿ ಕಳೆನಾಶಕದಲ್ಲಿ ಭಾವನೆ ತೋಡಿಕೊಳ್ಳುತ್ತಾಳೆ. ಇಡೀ ಪುಸ್ತಕದಲ್ಲಿ ಪ್ರೇಮ ನಿವೇದನೆಯ ಭಾಷಣ ಇಲ್ಲ, ಇಬ್ಬರ ನಡುವೆ ಒಂದು ಮುತ್ತೂ ಇಲ್ಲ. ಬೆಳಗಿನ ತಿಂಡಿ ಇದೆ, ಒಗೆದ ಬಟ್ಟೆ ಇದೆ, ನೀನು ಯಾಕೆ ನನ್ನ ಕೋಣೆಗೆ ಕಾಲಿಟ್ಟೆ ಅನ್ನುವ ಕೂಗಾಟ ಇದೆ. ಹೌಲ್‌ನ ಎದುರು ಸುಂದರಿಯರೆಲ್ಲ ಸೋಲುತ್ತಾರೆ. ಅವನ ಎದುರು ನಿಂತು ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವಳು ಈ ಅಜ್ಜಿ ಒಬ್ಬಳೇ. ಅವನಿಗೆ ಮನೆಗೆ ಬರುವ ಅಭ್ಯಾಸ ಆದದ್ದೂ ಆಮೇಲೇ.

ಹನ್ನೊಂದನೇ ಅಧ್ಯಾಯಕ್ಕೆ ಬಂದಾಗ ಸ್ವಲ್ಪ ನಿಧಾನಿಸು. ಕೋಟೆಯ ಬಾಗಿಲಿಗೆ ನಾಲ್ಕು ಬಣ್ಣದ ಹಿಡಿ ಇದೆ, ಯಾವ ಬಣ್ಣ ಕೆಳಗೆ ತಿರುಗಿಸಿದರೆ ಆ ಊರಿಗೆ ತೆರೆಯುತ್ತದೆ. ಕಪ್ಪು ಬಣ್ಣ ತಿರುಗಿಸಿದರೆ ಎಲ್ಲಿಗೆ ಅಂತ ಹೌಲ್‌ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಕೊನೆಗೆ ಹೋಗಿ ನೋಡಿದರೆ ಅದು ವೇಲ್ಸ್, ನಮ್ಮ ಕಾಲದ ವೇಲ್ಸ್. ಮಳೆಗೆ ನೆಂದ ಬೀದಿ, ಸಾಲುಮನೆ, ಗದ್ದಲ ಮಾಡುತ್ತ ಬಣ್ಣಬಣ್ಣದ ಚಿತ್ರ ಕುಣಿಸುವ ಪೆಟ್ಟಿಗೆ. ಕುದುರೆಯಿಲ್ಲದೆ ಓಡುವ ಗಾಡಿಯಲ್ಲಿ ಕೂತು ಸೋಫಿ ಜೀವ ಬಿಗಿಹಿಡಿಯುತ್ತಾಳೆ. ಬೆಂಕಿಭೂತದ ಜೊತೆ ಹರಟುವವಳಿಗೆ ಕಾರು ಕಂಡರೆ ನಡುಕ! ಹೌಲ್‌ನ ಅಕ್ಕ ಮೇಗನ್‌ಳ ಮನೆಗೆ ರಿವೆಂಡೆಲ್ ಅಂತ, ಟೋಲ್ಕಿನ್ ಕಾದಂಬರಿಗಳಲ್ಲಿ ಬರುವ ಊರಿನ ಹೆಸರು. ಲೇಖಕಿ ಆಕ್ಸ್‌ಫರ್ಡಿನಲ್ಲಿ ಓದುವಾಗ ಟೋಲ್ಕಿನ್ ಪಾಠಕ್ಕೆ ಕೂತವರು, ಗುರುಗಳಿಗೆ ಚಿವುಟಿದ್ದು ಹೀಗೆ. ಮೇಗನ್‌ಗೆ ತಮ್ಮನ ಮಾಯಾಜಾಲದ ವಿಷಯ ಗೊತ್ತಿಲ್ಲ. ಅವಳ ಕಣ್ಣಿಗೆ ಅವನು ಇಷ್ಟು ಓದಿಯೂ ಕೆಲಸ ಹಿಡಿಯದ, ಕಂಡಕಂಡ ಬಟ್ಟೆ ಹಾಕಿಕೊಂಡು ಕರೆಯದೆ ಬಂದು ನಿಲ್ಲುವ ತಮ್ಮ. ಇಂಗರಿಯ ರಾಜನೇ ಯಾರನ್ನು ಆಸ್ಥಾನಕ್ಕೆ ಕರೆಯುತ್ತಿದ್ದಾನೋ ಅವನು ಅಕ್ಕನ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದಾನೆ.

ಅಲ್ಲಿಗೆ ಹೋದದ್ದು ಯಾಕೆಂದರೆ, ಮೇಗನ್‌ಳ ಮಗನ ಇಸ್ಕೂಲಿನ ಹೋಂವರ್ಕ್ ಹಾಳೆ ಹೇಗೋ ಬದಲಾಗಿ ಇಂಗರಿಗೆ ಬಂದು ಸೇರಿದೆ. ಹಾಳೆಯಲ್ಲಿರುವುದು ಜಾನ್ ಡನ್‌ನ ಕವಿತೆ, ಕವಿ ಸತ್ತ ಮೇಲೆ 1633ರಲ್ಲಿ ಅಚ್ಚಾದದ್ದು. ಬೀಳುವ ನಕ್ಷತ್ರವನ್ನು ಹಿಡಿ, ಮತ್ಸ್ಯಕನ್ಯೆಯರ ಹಾಡು ಕೇಳಿಸು, ಕಳೆದುಹೋದ ವರ್ಷಗಳೆಲ್ಲಿ ಹೇಳು, ಹೀಗೆ ಆಗದ ಕೆಲಸಗಳ ಪಟ್ಟಿ ಕೊಡುತ್ತ ಹೋಗಿ ಕೊನೆಗೆ, ಚೆಲುವೆಯೂ ಪ್ರಾಮಾಣಿಕಳೂ ಆದ ಹೆಣ್ಣು ಲೋಕದಲ್ಲೆಲ್ಲೂ ಸಿಗಳು ಅಂತ ಮುಗಿಸುತ್ತದೆ. ಓದಿದ ಗಂಡಸರು ಮುನ್ನೂರೈವತ್ತು ವರ್ಷ ಇದನ್ನು ಚಮತ್ಕಾರ ಅಂತ ಮೆಚ್ಚಿಕೊಂಡು ಬಂದದ್ದು. ಜೋನ್ಸ್ ಅದನ್ನು ಹೌಲ್‌ನ ಮೇಲಿನ ಶಾಪ ಮಾಡಿಬಿಟ್ಟರು. ಪಟ್ಟಿಯಲ್ಲಿರುವ ಆಗದ ಕೆಲಸಗಳು ಒಂದೊಂದೇ ಆಗುತ್ತ ಬಂದರೆ ಮಾಟಗಾತಿ ಅವನನ್ನು ಹಿಡಿಯುತ್ತಾಳೆ. ಈ ಕವಿತೆಗೆ ಬೇಕಾದ ಉತ್ತರ ಒಲೆಯ ಮುಂದೆ ಕುರ್ಚಿಯಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದಾಳೆ ಅನ್ನುವುದನ್ನು ಲೇಖಕಿ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಎಂ.ಎ. ಕ್ಲಾಸಿನಲ್ಲಿ ಇದೇ ಕವಿತೆಯ ಮೇಲೆ ನೀನು ಸೆಮಿನಾರ್ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆಯಲ್ಲ, ಸುಮ್ಮನೆ ನೆನಪಿಸಿದೆ.

ನಕ್ಷತ್ರದ ಪ್ರಸಂಗ ಇದಕ್ಕೆ ಸೇರಿದ್ದೇ. ಮೈಕೆಲ್ ಆ ಹಾಳೆಯನ್ನು ಮಂತ್ರವೆಂದೇ ತಿಳಿದು, ರಾತ್ರಿ ಸೋಫಿಯನ್ನು ಕರಕೊಂಡು ಜೌಗು ಬಯಲಿಗೆ ಹೋಗುತ್ತಾನೆ. ಜೊತೆಗೆ ಏಳುಹರದಾರಿ ಬೂಟು. ಆಕಾಶದಿಂದ ಒಂದು ನಕ್ಷತ್ರ ಬೀಳುತ್ತದೆ, ಮೈಕೆಲ್ ಬೆನ್ನಟ್ಟುತ್ತಾನೆ. ಹತ್ತಿರ ಹೋದರೆ ಅದಕ್ಕೆ ಬಾಯಿ ಇದೆ, ಭಯ ಇದೆ. ನಿನ್ನನ್ನು ಉಳಿಸುತ್ತೇನೆ ಬಾ ಅಂದರೆ, ನಾನು ಸಾಯುವುದೇ ಸರಿ ಅಂತ ನೀರಿಗೆ ಧುಮುಕಿ ಸುಂಯ್ ಅಂತ ಆರಿಹೋಗುತ್ತದೆ. ಎರಡು ಪುಟದ ಕಥೆ. ಮುಂದೆ ಕ್ಯಾಲ್ಸಿಫರ್ ಹಿಂದೆ ಯಾರಾಗಿತ್ತು, ಹೌಲ್ ಒಮ್ಮೆ ಯಾವ ಕರುಣೆಗೆ ಏನನ್ನು ಕೊಟ್ಟ ಅಂತ ಗೊತ್ತಾದಾಗ ಈ ಎರಡು ಪುಟಕ್ಕೆ ವಾಪಸು ಹೋಗಿ ಓದಲೇಬೇಕಾಗುತ್ತದೆ. ಎದೆಯಿಲ್ಲದವನು ಅಂತ ಇಡೀ ಊರು ಬೈಯುವವನು ಎದೆ ಕಳೆದುಕೊಂಡ ಕಾರಣ ಅದೇ.

ಲೇಖಕಿಯ ಬಗ್ಗೆ ಸ್ವಲ್ಪ ಹೇಳಬೇಕು. 1934ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು, 2011ರಲ್ಲಿ ತೀರಿಕೊಂಡರು. ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯವರು, ನೋಡು! ಅಪ್ಪ ವೇಲ್ಸ್ ಮೂಲದವರು. 1939ರಲ್ಲಿ ಯುದ್ಧ ಶುರುವಾದಾಗ ಐದು ವರ್ಷದ ಹುಡುಗಿಯನ್ನು ವೇಲ್ಸ್‌ನ ಅಜ್ಜನ ಮನೆಗೆ ಕಳಿಸಿದ್ದರು. ಆಮೇಲೆ ಎಸೆಕ್ಸ್‌ನ ಥ್ಯಾಕ್ಸ್ಟೆಡ್‌ನಲ್ಲಿ ಬೆಳೆದದ್ದು. ತಂದೆತಾಯಿಗೆ ಮಕ್ಕಳತ್ತ ಗಮನ ಕಡಿಮೆ. ಅಪ್ಪ ಪುಸ್ತಕದ ವಿಷಯದಲ್ಲಿ ಎಷ್ಟು ಜಿಪುಣ ಅಂದರೆ, ಒಂದು ಮಾಲಿಕೆಯ ಪುಸ್ತಕಗಳನ್ನು ಒಟ್ಟಿಗೆ ಕೊಂಡು ಬೀಗ ಹಾಕಿಟ್ಟು, ಮೂವರಿಗೂ ಸೇರಿ ವರ್ಷಕ್ಕೊಂದು ಹೊರಗೆ ತೆಗೆಯುತ್ತಿದ್ದರು. ಓದಲು ಇಲ್ಲದ್ದಕ್ಕೆ ಡಯಾನಾ ತಂಗಿಯರಿಗಾಗಿ ತಾವೇ ಕಥೆ ಬರೆಯತೊಡಗಿದರು. ಅಮ್ಮ ಮೂವರಿಗೂ ಚಿಕ್ಕಂದಿನಲ್ಲೇ ಒಂದೊಂದು ಹಣೆಪಟ್ಟಿ ಹಚ್ಚಿದ್ದರು, ಹಿರಿಯವಳಿಗೆ ಸಿಕ್ಕಿದ್ದು ಚೆಲುವಿನದಲ್ಲ. ಸೋಫಿ ಕನ್ನಡಿಗೆ ಹೇಳಿದ ಮಾತು ಎಲ್ಲಿಂದ ಬಂತು ಅಂತ ನಾನಿನ್ನು ಬಿಡಿಸಿ ಹೇಳಬೇಕಿಲ್ಲ. ಪುಸ್ತಕದ ಮೊದಲಲ್ಲಿ ಒಂದು ಕೃತಜ್ಞತೆಯ ಮಾತಿದೆ. ಯಾವುದೋ ಶಾಲೆಗೆ ಹೋದಾಗ ಒಬ್ಬ ಹುಡುಗ ನಡೆದಾಡುವ ಕೋಟೆಯ ಮೇಲೆ ಕಥೆ ಬರೆಯಿರಿ ಅಂದನಂತೆ, ಅವನ ಹೆಸರು ಬರೆದು ತುಂಬ ಜೋಪಾನವಾದ ಜಾಗದಲ್ಲಿಟ್ಟರಂತೆ, ಎಷ್ಟು ಜೋಪಾನ ಅಂದರೆ ಮತ್ತೆ ಸಿಗಲೇ ಇಲ್ಲ.

ಓದುವಾಗ ನನಗೆ ಮತ್ತೆ ಮತ್ತೆ ‘ನಾಗಮಂಡಲ’ ನೆನಪಾಗುತ್ತಿತ್ತು. ಕಾರ್ನಾಡರ ನಾಟಕ ಬಂದದ್ದು 1988ರಲ್ಲಿ, ಹೆಚ್ಚೂ ಕಡಿಮೆ ಒಂದೇ ಕಾಲ. ರಾಮಾನುಜನ್ನರಿಂದ ಕೇಳಿದ ಜನಪದ ಕಥೆಗಳಿಂದ ಅವರು ಕಟ್ಟಿದ್ದು. ಅಲ್ಲಿ ವೇಷ ಹಾಕುವವನು ಗಂಡು. ಹಗಲಿನ ಅಪ್ಪಣ್ಣ ಗದರುತ್ತಾನೆ, ರಾತ್ರಿ ನಾಗಪ್ಪ ಅದೇ ಮುಖ ಹೊತ್ತು ಬಂದು ತಲೆ ನೇವರಿಸುತ್ತಾನೆ, ರಾಣಿ ಪ್ರಶ್ನೆ ಕೇಳುವ ಹಾಗಿಲ್ಲ. ಇಲ್ಲಿ ವೇಷ ಹೆಣ್ಣಿನದು, ಪ್ರಶ್ನೆಗಳೆಲ್ಲ ಅವಳವೇ. ರಾಣಿಗೆ ಊರಿನ ಮುಂದೆ ಬಾಯಿ ಬರಲು ಹುತ್ತಕ್ಕೆ ಕೈ ಹಾಕಿ ನಾಗರಹಾವು ಹಿಡಿದು ಆಣೆ ಮಾಡಬೇಕಾಯಿತು, ಆಮೇಲೆ ಅವಳು ದೇವಿಯಾದಳು. ಸೋಫಿ ಅಜ್ಜಿಯಾಗಿ ಪಾರಾದಳು. ದೇವಿ, ಅಜ್ಜಿ, ಇವೆರಡನ್ನು ಬಿಟ್ಟರೆ ಹೆಣ್ಣಿನ ಮಾತು ಕೇಳುವವರು ಯಾರು ಅಂತ ನಾನೊಮ್ಮೆ ಪುಸ್ತಕ ಮುಚ್ಚಿಟ್ಟು ಕೂತೆ.

ಹೌಲ್‌ನ ಮುದಿ ಗುರು ಮಿಸೆಸ್ ಪೆಂಟ್‌ಸ್ಟೆಮ್ಮನ್ ಸೋಫಿಯನ್ನು ನೋಡಿದ ಕೂಡಲೇ, ನಿನ್ನ ಕೈಯಲ್ಲಿರುವ ಊರುಗೋಲಿಗೆ ನೀನೇ ಮಾತಾಡಿ ಮಾತಾಡಿ ಜೀವ ತುಂಬಿದ್ದೀಯ ಅನ್ನುತ್ತಾಳೆ. ಅಲ್ಲಿಯವರೆಗೆ ಆ ಶಕ್ತಿಯನ್ನು ಗುರುತಿಸಿ ಹೇಳಿದವರು ಒಬ್ಬರೂ ಇರಲಿಲ್ಲ. ಮುಂದೆ ಇನ್ನೊಂದು ಹೊರಬೀಳುತ್ತದೆ. ಇವಳು ಮುದುಕಿಯಲ್ಲ ಅಂತ ಹೌಲ್‌ಗೆ ಗೊತ್ತಿತ್ತು. ಅವಳಿಗೆ ತಿಳಿಯದ ಹಾಗೆ ಶಾಪ ಬಿಡಿಸಲು ಅವನು ಮತ್ತೆ ಮತ್ತೆ ನೋಡಿದ್ದಾನೆ, ಅದು ಬಿಟ್ಟಿಲ್ಲ. ಕೊನೆಗೆ, ಇವಳಿಗೆ ಈ ವೇಷವೇ ಇಷ್ಟವಿರಬೇಕು ಅಂತ ಸುಮ್ಮನಾದನಂತೆ. ಇದನ್ನು ಕೇಳಿ ಸೋಫಿಗೆ ಬರುವ ಕೋಪ ಇದೆಯಲ್ಲ, ಅದು ನಿಜ ಹೊರಬಿದ್ದಾಗ ಬರುವ ಕೋಪ. ಶಾಪದಲ್ಲಿ ಅವಳಿಗೆ ಸುಖವಿತ್ತು. ಹುಡುಗಿಯಾಗಿ ವಾಪಸು ಹೋದರೆ ಮತ್ತೆ ಬಾಗಿಲ ಮರೆಯ ಇಲಿಮರಿಯಾಗಬೇಕಲ್ಲ ಅನ್ನುವ ಭಯವಿತ್ತು. ಈ ಕಾದಂಬರಿಯ ಪ್ರೇಮಕ್ಕೆ ನಾನು ತಲೆಬಾಗಿದ್ದು ಇಲ್ಲಿ. ತನ್ನ ಬಾಯಿ, ತನ್ನ ಸಿಟ್ಟು, ತನ್ನ ಅಧಿಕಪ್ರಸಂಗ ಯಾವುದನ್ನೂ ಬಿಟ್ಟುಕೊಡದೆ ಮತ್ತೆ ಎಳೆಯವಳಾಗಬಹುದು ಅಂತ ಅವಳಿಗೆ ನಂಬಿಕೆ ಬರುವ ತನಕ ಕಥೆ ಕಾಯುತ್ತದೆ.

ಅವನ ಕಡೆಯಿಂದ ಬರುವ ಪ್ರೇಮ ನಿವೇದನೆ ಏನು ಗೊತ್ತಾ? ಹೌಲ್ ಅಲಂಕಾರ ಮಾಡಿಕೊಳ್ಳುವುದನ್ನು ಮರೆತ ದಿನ ಅವನಿಗೆ ನಿಜವಾದ ಪ್ರೀತಿ ಹುಟ್ಟಿದೆ ಅಂತ ನಂಬುತ್ತೇನೆ ಎಂದು ಮೈಕೆಲ್ ಎಲ್ಲೋ ಹಿಂದೆ ಹೇಳಿರುತ್ತಾನೆ. ಕೊನೆಗೆ ಮಾಟಗಾತಿಯ ಬೆಂಗಾಡಿಗೆ ಸೋಫಿಯನ್ನು ಹುಡುಕಿಕೊಂಡು ಹೌಲ್ ಬರುವಾಗ ಗಡ್ಡ ಬೋಳಿಸಿಲ್ಲ, ತಲೆ ಬಾಚಿಲ್ಲ, ಕಣ್ಣು ಕೆಂಪಾಗಿದೆ, ತೋಳು ಹರಿದಿದೆ. ಅದರ ಅರ್ಥ ಇದು ಅಂತ ಲೇಖಕಿ ನಮ್ಮ ಕಿವಿ ಹಿಂಡುವುದಿಲ್ಲ. ಗಮನವಿಟ್ಟು ಓದಿದವರಿಗೆ ಸಿಗುತ್ತದೆ, ಉಳಿದವರು ಮುಂದಿನ ಸಾಲಿಗೆ ಹೋಗುತ್ತಾರೆ.

ದೋಷ ಇಲ್ಲವೇ ಅಂದರೆ ಇದೆ. ಕೊನೆಯ ಅಧ್ಯಾಯದಲ್ಲಿ ಹಬ್ಬದ ದಿನದ ಬಸ್ಸಿನಷ್ಟು ಜನ. ಬೆರ್ಚಪ್ಪ ಯಾರು, ನಾಯಿಯಾದವನು ಯಾರು, ಯಾರ ತಲೆ ಯಾರ ಮೈಗೆ ಅಂಟಿತ್ತು ಅಂತ ಒಂದೇ ಉಸಿರಿನಲ್ಲಿ ಬಿಡಿಸಿ, ಸಿಕ್ಕವರಿಗೆಲ್ಲ ಜೋಡಿ ಹುಡುಕಿಕೊಟ್ಟುಬಿಡುತ್ತಾರೆ. ನಡುವಿನ ತಂಗಿ ಲೆಟ್ಟಿಗೆ ಇನ್ನೂ ಒಂದಿಷ್ಟು ಜಾಗ ಸಲ್ಲಬೇಕಿತ್ತು. ಬೆಂಗಾಡಿನ ಮಾಟಗಾತಿಯೂ ತೆಳು, ಅವಳಿಗೆ ಯಾಕೆ ಹಾಗಾಯಿತು ಅನ್ನುವ ಕಥೆ ಎರಡು ಸಾಲಿನಲ್ಲಿ ಹೋಯಿತು. ಆದರೆ ಆ ಗದ್ದಲದ ನಡುವೆ ಸೋಫಿ, ಹೌಲ್ ಕೈ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ನಿಂತಿರುತ್ತಾರೆ. ಸುತ್ತ ಎಲ್ಲರೂ ಅವರಿಗೇ ಏನೇನೋ ಹೇಳುತ್ತಿದ್ದಾರೆ, ಇಬ್ಬರಿಗೂ ಕೇಳುತ್ತಿಲ್ಲ. ಮುಂದೆ ಸುಖವಾಗಿರುವುದು ಅಂದರೆ ದಿನಾ ಜಗಳ ಅಂತ ಇಬ್ಬರಿಗೂ ಗೊತ್ತು.

ಪುಸ್ತಕ ಸದ್ಯ ತಂಗಿಯ ಮಗಳ ಹತ್ತಿರ ಇದೆ, ಬಂದ ಕೂಡಲೇ ಕೊರಿಯರ್ ಮಾಡುತ್ತೇನೆ. ಮುಂದಿನ ಎರಡು ಭಾಗಗಳು 1990ರಲ್ಲಿ, 2008ರಲ್ಲಿ ಬಂದಿವೆ, ಅವನ್ನು ಮೊದಲು ಕೈಗೆತ್ತಿಕೊಳ್ಳಬೇಡ. ಮತ್ತೆ ದಯವಿಟ್ಟು ಅರ್ಧಕ್ಕೆ ಬಿಟ್ಟು ಫೋನ್ ಮಾಡಬೇಡ. ಪೂರ್ತಿ ಓದಿದ ಮೇಲೆ ಮೇಗನ್ ಬಗ್ಗೆ ನಿನ್ನ ಅಭಿಪ್ರಾಯ ನನಗೆ ಬೇಕು. ಓದಿದವರೆಲ್ಲ ಅವಳನ್ನು ಜಗಳಗಂಟಿ ಅಂತ ತಳ್ಳಿಹಾಕುತ್ತಾರೆ. ಹೇಳದೆ ಕೇಳದೆ ಮಾಯವಾಗುವ ತಮ್ಮ, ಅವನ ಬಟ್ಟೆಬರೆ ಪುಸ್ತಕವೆಲ್ಲ ತನ್ನ ಮನೆಯಲ್ಲಿ, ಬಂದಾಗಲೆಲ್ಲ ಮಕ್ಕಳ ತಲೆ ಕೆಡಿಸಿ ಹೋಗುತ್ತಾನೆ. ಅವಳ ಸಿಟ್ಟಿನಲ್ಲಿ ತಪ್ಪೇನಿದೆ? ನೀನು ನಿನ್ನ ಅಕ್ಕನ ಮನೆಯಲ್ಲಿ ಬಿಟ್ಟು ಬಂದಿರುವ ಮೂರು ಟ್ರಂಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆ.

ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಗೆಳತಿ